ಇಪ್ಪತ್ನಾಲ್ಕು ಉತ್ತರಪತ್ರಿಕೆಗಳ ಒಂದೇ ಮೊದಲ ವಾಕ್ಯ

1976ರ ಜೂನ್‌ನಲ್ಲಿ ನಾನು ಬಸವಕಲ್ಯಾಣದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದಕ್ಕೆ ಕನ್ನಡ ಶಿಕ್ಷಕಿಯಾಗಿ ಬಂದೆ. ಆಗ ನನಗೆ ಇಪ್ಪತ್ತಾರು ವರ್ಷ. ನನ್ನ ತವರು ಹುಮನಾಬಾದ್. 1956ರಲ್ಲಿ ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿದಾಗ ನಾನು ಒಂದನೆಯ ತರಗತಿಗೆ ಕಾಲಿಡುತ್ತಿದ್ದೆ. ಮನೆಯಲ್ಲಿ ಅಪ್ಪ, ಕಾಕಾ ಎಲ್ಲರೂ ಉರ್ದು ಶಾಲೆಯಲ್ಲಿ ಕಲಿತವರು. ಮಾತು ಕನ್ನಡ, ಬರಹ ಉರ್ದು. ಕನ್ನಡದಲ್ಲಿ ಕಾಗದ ಬರೆಯುವುದು ನಮ್ಮ ಮನೆಯಲ್ಲಿ ನನ್ನಿಂದಲೇ ಶುರುವಾಯಿತು. ಆದ್ದರಿಂದ ಆಡುವ ಮಾತಿಗೂ ಬರೆಯುವ ಮಾತಿಗೂ ನಡುವೆ ಎಂಥ ಅಗಲವಾದ ಹಳ್ಳವಿದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದೂ, ಶಿಕ್ಷಕಿಯಾದ ಮೇಲೆ ಅದನ್ನು ಮರೆತೆ.

ಎಸ್.ಎಸ್.ಎಲ್.ಸಿ. ಕನ್ನಡ ಪತ್ರಿಕೆಯ ಕೊನೆಯಲ್ಲಿ ಒಂದು ಪ್ರಬಂಧ ಇರುತ್ತಿತ್ತು. ಮೂರು ವಿಷಯ ಕೊಡುತ್ತಿದ್ದರು, ಒಂದನ್ನು ಆರಿಸಿಕೊಂಡು ಬರೆಯಬೇಕು. ನಾವು ಇದನ್ನು ವಿವರಣಾತ್ಮಕ ಪ್ರಬಂಧ ಎನ್ನುತ್ತಿದ್ದೆವು. ಕಥೆ ಹೇಳುವುದಲ್ಲ, ವರ್ಣಿಸುವುದೂ ಅಲ್ಲ. ಒಂದು ಸಂಗತಿ ಏನು, ಅದು ಯಾಕೆ ಬೇಕು, ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗೆ ತಿಳಿಯುವ ಹಾಗೆ ಹೇಳುವುದು. ನಮ್ಮ ಹುಡುಗಿಯರು ಇದಕ್ಕೆ ಗೈಡುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಗೈಡಿನಲ್ಲಿದ್ದ ವಿಷಯ ಬಂದರೆ ಪುಟ ತುಂಬುತ್ತಿತ್ತು. ಬಾರದಿದ್ದರೆ ಮೂರು ಸಾಲು. ನಾನು ಬಂದ ಮೊದಲ ವರ್ಷ ಅರ್ಧಕ್ಕಿಂತ ಹೆಚ್ಚು ಹುಡುಗಿಯರು ಆ ಪುಟವನ್ನು ಖಾಲಿ ಬಿಟ್ಟು ಬಂದರು. ಹೊರಗೆ ಬಂದವರನ್ನು ಕೇಳಿದರೆ, “ನಮಗೆ ಬಂದಿದ್ದು ಬಂದಿದ್ದಿಲ್ರಿ” ಎಂದರು. ಕಲಿತಿದ್ದ ವಿಷಯ ಪ್ರಶ್ನೆಪತ್ರಿಕೆಯಲ್ಲಿ ಬರಲಿಲ್ಲ ಎಂದು ಅರ್ಥ.

ಎರಡನೆಯ ವರ್ಷ ಹತ್ತನೆಯ ತರಗತಿಯಲ್ಲಿ ಇಪ್ಪತ್ನಾಲ್ಕು ಹುಡುಗಿಯರಿದ್ದರು. ಅರ್ಧದಷ್ಟು ಮಂದಿ ಊರಿನವರು, ಉಳಿದವರು ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಅವರಲ್ಲಿ ಸುಜಾತಾ ಎಂಬವಳೊಬ್ಬಳು. ಮುಡಬಿಯಿಂದ ಅರ್ಧ ಹರದಾರಿ ಒಳಗೆ ಇದ್ದ ಒಂದು ಸಣ್ಣ ಊರಿನವಳು. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರು. ದಿನಾ ಮುಡಬಿಯವರೆಗೆ ನಡೆದು ಬಂದು ಬಸ್ ಹಿಡಿಯುತ್ತಿದ್ದಳು. ತರಗತಿಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ, ಅದೂ ತಲೆ ಬಗ್ಗಿಸಿಕೊಂಡು. ಒಂದು ದಿನ ‘ಸಾರಿಗೆಯ ಪ್ರಾಮುಖ್ಯ’ ಎಂದು ಬರೆಯಲು ಕೊಟ್ಟಿದ್ದೆ. ಅವಳ ಪ್ರಬಂಧ ಪೂರ್ತಿಯಾಗಿ ಇಷ್ಟೇ: ‘ಸಾರಿಗೆ ಬಹಳ ಮುಖ್ಯವಾದದ್ದು. ಸಾರಿಗೆ ಇಲ್ಲದಿದ್ದರೆ ಕಷ್ಟವಾಗುತ್ತದೆ. ಆದ್ದರಿಂದ ಸಾರಿಗೆ ಬಹಳ ಮುಖ್ಯ.’

ಮರುದಿನ ಅವಳು ತರಗತಿಗೆ ಬಂದಾಗ ಅರ್ಧ ಪಿರಿಯಡ್ ಮುಗಿದಿತ್ತು. ನಾನು ಸಿಟ್ಟಿನಲ್ಲಿದ್ದೆ.

“ಯಾಕ ತಡ ಆತು?”

“ಬಸ್ ಸಿಗಲಿಲ್ರಿ ಟೀಚರ್.”

“ಲಗೂನ ಬಂದು ನಿಂದ್ರಬೇಕಿತ್ತು.”

“ಲಗೂನ ಬಂದಿದ್ನಿರಿ. ಇವತ್ತ ಸಂತಿ ಐತ್ರಿ. ಸಂತಿ ದಿನ ಬಸ್ ಹತ್ತೂದು ಮುಷ್ಕಿಲ್ರಿ.”

“ಮುಷ್ಕಿಲ್ ಅಂದ್ರ ಹ್ಯಾಂಗ?”

ಅವಳು ಮೊದಲ ಸಲ ತಲೆ ಎತ್ತಿ ಹೇಳಿದಳು. “ಹ್ಯಾಂಗಂದ್ರ, ಬುಟ್ಟಿ ಇದ್ದ ಹೆಣ್ಮಕ್ಕಳು ಮೊದಲ ಹತ್ತತಾರ್ರಿ. ಕಂಡಕ್ಟರ್ ಅವರಿಗೇ ಜಾಗ ಕೊಡ್ತಾನ. ಯಾಕಂದ್ರ ಅವರು ತಿಕೀಟು ತಗೋತಾರ, ನಮ್ದು ಪಾಸ್ ಇರ್ತದ. ನಾವು ಹಿಂದ ನಿಂದ್ರತೀವಿ. ಅಷ್ಟರಾಗ ಬಸ್ ತುಂಬ್ತದ. ಆಮ್ಯಾಲಿನ ಬಸ್ ಹತ್ತೂವರಿಗಿ ಬರ್ತದ. ಸಂತಿ ದಿನ ಇನ್ನೊಂದು ಬಸ್ ಬಿಟ್ರ ಎಲ್ಲಾರಿಗೂ ಚಲೋ ಆಗ್ತದ್ರಿ. ಇಲ್ಲಂದ್ರ ಪಾಸಿನವರಿಗಿ ನಾಕು ಸೀಟರೆ ಬ್ಯಾರೆ ಇಡಬೇಕ್ರಿ.”

ತರಗತಿ ನಗಲಿಲ್ಲ, ಎಲ್ಲರಿಗೂ ಅದು ಗೊತ್ತಿದ್ದ ವಿಷಯವೇ. ನಾನು ಮಾತ್ರ ಸೀಮೆಸುಣ್ಣ ಹಿಡಿದು ಹಾಗೇ ನಿಂತಿದ್ದೆ. ನಿನ್ನೆ ಮೂರು ಸಾಲು ಬರೆದಿದ್ದ ಹುಡುಗಿ ಇವತ್ತು ಅದೇ ಸಾರಿಗೆಯ ಮೇಲೆ ಒಂದು ಪೂರ್ಣ ಪ್ರಬಂಧ ಹೇಳಿ ಮುಗಿಸಿದ್ದಳು. ಸಮಸ್ಯೆ ಏನು, ಕಾರಣ ಏನು, ಪರಿಣಾಮ ಏನು, ಪರಿಹಾರ ಏನು, ಎಲ್ಲ ಕ್ರಮದಲ್ಲಿತ್ತು. ಅವಳನ್ನು ಕೂರಿಸಿ, ಹೇಳಿದ್ದನ್ನೆಲ್ಲ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದೆ. ಮಾತು ಮುಂದೆ ಹೋದಲ್ಲೆಲ್ಲ ಎರಡು ಶಬ್ದ ಇದ್ದವು: ‘ಹ್ಯಾಂಗಂದ್ರ’, ‘ಯಾಕಂದ್ರ’.

ಅಂದಿನಿಂದ ನಮ್ಮ ಪಾಠದ ರೀತಿ ಬದಲಾಯಿತು. ಯಾವ ವಿಷಯ ಕೊಟ್ಟರೂ ಮೊದಲು ಐದು ಪ್ರಶ್ನೆ ಹಾಕಿಕೊಳ್ಳಬೇಕು: ಅದು ಏನು? ಯಾರಿಗೆ ಬೇಕು? ಯಾಕೆ ಬೇಕು? ಹೇಗೆ ನಡೆಯುತ್ತದೆ? ಇಲ್ಲದಿದ್ದರೆ ಏನಾಗುತ್ತದೆ? ಒಂದೊಂದು ಪ್ರಶ್ನೆಗೆ ಒಂದೊಂದು ಪ್ಯಾರಾ. ಇದು ರೂಪುರೇಷೆ, ಅಂದರೆ ಬರೆಯುವ ಮುಂಚೆ ಹಾಕಿಕೊಳ್ಳುವ ನಕ್ಷೆ. ಆಮೇಲೆ ವಿಸ್ತರಣೆ. ಒಂದು ವಾಕ್ಯ ಬರೆದ ಕೂಡಲೇ ‘ಹ್ಯಾಂಗಂದ್ರ?’ ಎಂದು ತಮ್ಮನ್ನೇ ಕೇಳಿಕೊಂಡು, ಕಣ್ಣಾರೆ ಕಂಡದ್ದನ್ನು ಮುಂದಿನ ವಾಕ್ಯದಲ್ಲಿ ಬರೆಯಬೇಕು. ನಾನು ಬೆಂಚಿನ ನಡುವೆ ತಿರುಗಾಡುತ್ತ ಹ್ಯಾಂಗಂದ್ರ, ಹ್ಯಾಂಗಂದ್ರ ಎನ್ನುತ್ತಿದ್ದೆ. ಹುಡುಗಿಯರು ನನಗೆ ಅದೇ ಅಡ್ಡಹೆಸರು ಇಟ್ಟಿದ್ದಾರೆಂದು ದಸರೆಯ ಹೊತ್ತಿಗೆ ಗೊತ್ತಾಯಿತು. ಬೇಸರವಾಗಲಿಲ್ಲ. ಡಿಸೆಂಬರಿನಷ್ಟೊತ್ತಿಗೆ ಎಲ್ಲರೂ ಒಂದು ಪುಟ ಬರೆಯುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ.

ಪುಟ ತುಂಬಿಸಲು ಬಂದರೂ ಶುರು ಮಾಡುವುದು ಅವರಿಗೆ ಕಷ್ಟವಾಗಿತ್ತು. ಮೊದಲ ಸಾಲಿಗೇ ಹತ್ತು ನಿಮಿಷ ಪೆನ್ನು ಕಚ್ಚುತ್ತ ಕೂರುತ್ತಿದ್ದರು. ಪರೀಕ್ಷೆಯಲ್ಲಿ ಹತ್ತು ನಿಮಿಷ ಅಂದರೆ ಬಹಳ. ಜನವರಿಯಲ್ಲಿ ನಾನು ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದು, “ಯಾವ ವಿಷಯ ಬಂದ್ರೂ ಇದರಿಂದ ಶುರು ಮಾಡ್ರಿ” ಎಂದೆ. ವಾಕ್ಯ ಇದು: ‘ಒಂದು ವಸ್ತುವಿನ ಬೆಲೆ ಅದು ಇಲ್ಲದಾಗ ತಿಳಿಯುತ್ತದೆ.’ ನನಗೆ ಅದು ಬಹಳ ಜಾಣತನದ ವಾಕ್ಯವಾಗಿ ಕಂಡಿತ್ತು. ಇಪ್ಪತ್ನಾಲ್ಕೂ ಜನ ಬರೆದುಕೊಂಡರು. ಇನ್ನೊಂದು ಮಾತು ಹೇಳಿದ್ದೆ: ಮೂರು ವಿಷಯದಲ್ಲಿ ನೀವು ಕಣ್ಣಿಂದ ನೋಡಿದ್ದು ಯಾವುದೋ ಅದನ್ನೇ ಆರಿಸಿಕೊಳ್ಳಿ.

1978ರ ಪರೀಕ್ಷೆಯಲ್ಲಿ ಮೂರು ವಿಷಯ ಬಂದವು: ರಾಷ್ಟ್ರೀಯ ಭಾವೈಕ್ಯ, ವಿಜ್ಞಾನದ ವರಗಳು, ಅಂಚೆ ಕಚೇರಿಯ ಉಪಯೋಗಗಳು. ಹುಡುಗಿಯರು ನಗುತ್ತ ಹೊರಗೆ ಬಂದರು. ಎಲ್ಲರೂ ಅಂಚೆ ಕಚೇರಿ ಬರೆದಿದ್ದರು. ನಾನು ಅಂದು ಮನೆಗೆ ಹೋಗುವಾಗ ಎಷ್ಟೋ ದಿನದ ಮೇಲೆ ಹಗುರಾಗಿದ್ದೆ.

ಫಲಿತಾಂಶ ಬಂದ ದಿನ ನಮ್ಮ ಶಾಲೆಯ ಪಟ್ಟಿಯಲ್ಲಿ ಅಂಕಗಳ ಜಾಗದಲ್ಲಿ ಒಂದೇ ಶಬ್ದ ಇತ್ತು, ವಿಥ್‌ಹೆಲ್ಡ್. ಫಲಿತಾಂಶ ತಡೆಹಿಡಿಯಲಾಗಿದೆ ಎಂದರ್ಥ. ವಾರದ ಮೇಲೆ ಪರೀಕ್ಷಾ ಮಂಡಳಿಯಿಂದ ಕಾಗದ ಬಂತು. ಇಪ್ಪತ್ನಾಲ್ಕು ಉತ್ತರಪತ್ರಿಕೆಗಳಲ್ಲಿ ಪ್ರಬಂಧದ ಮೊದಲ ವಾಕ್ಯ ಅಕ್ಷರಕ್ಕೆ ಅಕ್ಷರ ಒಂದೇ ಇದೆ, ಪ್ಯಾರಾಗಳ ಕ್ರಮವೂ ಒಂದೇ ಇದೆ. ಪರೀಕ್ಷಾ ಕೋಣೆಯಲ್ಲಿ ಯಾರೋ ಹೇಳಿ ಬರೆಸಿದ್ದಾರೆಂದು ಸಂಶಯವಿದೆ. ವಿಚಾರಣೆ ಹುಮನಾಬಾದಿನಲ್ಲಿ ನಡೆಯುತ್ತದೆ. ವಿದ್ಯಾರ್ಥಿನಿಯರು, ವಿಷಯ ಶಿಕ್ಷಕಿ ಮತ್ತು ಕೋಣೆಯ ಮೇಲ್ವಿಚಾರಕರು ಹಾಜರಾಗಬೇಕು.

ನಕಲು ಎಂದು ತೀರ್ಮಾನವಾದರೆ ಹುಡುಗಿಯರ ಇಡೀ ಪರೀಕ್ಷೆ ರದ್ದಾಗುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎರಡನೆಯ ಸಲ ಪರೀಕ್ಷೆ ಕಟ್ಟಿಸುವ ಮನೆಗಳು ಕಡಿಮೆ. ಸುಜಾತಾಳ ಚಿಂತೆ ಇನ್ನೊಂದು. ಬೀದರಿನಲ್ಲಿ ದಾದಿಯರ ತರಬೇತಿಗೆ ಅರ್ಜಿ ಹಾಕಿದ್ದಳು. ಜುಲೈ ಮೊದಲ ವಾರದೊಳಗೆ ಅಂಕಪಟ್ಟಿ ತೋರಿಸಬೇಕಿತ್ತು. ಕೋಣೆಯ ಮೇಲ್ವಿಚಾರಕರು ಬೇರೆ ಶಾಲೆಯ ಹಿರಿಯ ಉರ್ದು ಶಿಕ್ಷಕರು. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಅವರನ್ನು ಕಾಣಲು ಹೋದಾಗ, “ಬಾಯಿಯವರೇ, ನೀರು ಬೇಕೇನು ಅಂತ ಕೇಳೋದು ಬಿಟ್ಟು ನಾ ಆ ಖೋಲಿಯೊಳಗ ಒಂದು ಮಾತೂ ಆಡಿಲ್ಲ” ಎಂದರು. ನನ್ನ ವಾಕ್ಯದ ಸಂಗತಿ ಹೇಳಿದೆ. ಅವರು, “ನೀವು ಕಲಿಸಿದ್ದೀರಿ, ಅವರು ಕಲಿತಾರ. ಇದರಾಗ ಗುನಾಹ್ ಯಾರ್ದು?” ಎಂದು ಕೇಳಿದರು.

ನಮ್ಮ ಮುಖ್ಯೋಪಾಧ್ಯಾಯಿನಿ ಶಾಂತಾಬಾಯಿಯವರು ಅನುಭವಸ್ಥರು, ನನ್ನ ಮೇಲೆ ಅಕ್ಕರೆ ಇದ್ದವರು. ಹೊರಡುವ ಹಿಂದಿನ ದಿನ ನನ್ನನ್ನು ಕರೆದು ಹೇಳಿದರು: “ಲಲಿತಾ ಬಾಯಿ, ಆ ವಾಕ್ಯ ನಾನ ಕೊಟ್ಟೀನಿ ಅಂತ ಹೇಳಬ್ಯಾಡ್ರಿ. ಯಾವುದೋ ಗೈಡಿನಾಗ ಇತ್ತು, ಹುಡುಗ್ಯಾರು ಓದ್ಯಾರ ಅನ್ರಿ. ನೀವ ಕೊಟ್ಟೀರಿ ಅಂದ್ರ, ಯಾವಾಗ ಕೊಟ್ರಿ ಅಂತ ಕೇಳ್ತಾರ. ಪರೀಕ್ಷಾ ದಿನ ಚೀಟಿ ಕಳಿಸಿಲ್ಲ ಅಂತ ಹ್ಯಾಂಗ ತೋರಸ್ತೀರಿ?”

ಮಾತು ಸರಿಯಾಗಿಯೇ ಇತ್ತು. ಮರುದಿನ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದೆ. ಹುಡುಗಿಯರು ನನ್ನ ಸುತ್ತ ಕೂತಿದ್ದರು. ಅವರಲ್ಲಿ ಯಾರೂ ನನ್ನ ಹೆಸರು ಹೇಳಬಾರದೆಂದು ತಮ್ಮತಮ್ಮಲ್ಲೇ ಗೊತ್ತು ಮಾಡಿಕೊಂಡಿದ್ದಾರೆಂದು ಇಳಿಯುವ ಹೊತ್ತಿಗೆ ತಿಳಿಯಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ಕಿವಿಯಲ್ಲಿ, “ಅಂಜಬ್ಯಾಡ್ರಿ ಟೀಚರ್, ನಾವು ಗೈಡಿನಾಗ ಓದೀವಿ ಅಂತೀವ್ರಿ” ಎಂದಳು. ನಾನು ಹೇಳಿಕೊಡದೆಯೇ ಅವರು ನನಗಾಗಿ ಸುಳ್ಳು ಕಟ್ಟಿಕೊಂಡಿದ್ದರು. ಅಲ್ಲಿಗೆ ನನ್ನ ಯೋಚನೆ ಮುಗಿಯಿತು.

ವಿಚಾರಣೆಗೆ ಬಂದಿದ್ದ ಅಧಿಕಾರಿಗಳು ಮೈಸೂರು ಕಡೆಯವರು. ಐವತ್ತರ ಆಸುಪಾಸು, ಮೆಲುಮಾತು, ಮುಂದೆ ಉತ್ತರಪತ್ರಿಕೆಗಳ ಕಟ್ಟು. ನಾನು ಒಳಗೆ ಹೋದವಳೇ ಎಲ್ಲವನ್ನೂ ಹೇಳಿದೆ. ವಾಕ್ಯ ನನ್ನದು, ಐದು ಪ್ರಶ್ನೆಗಳ ಕ್ರಮವೂ ನನ್ನದು, ಜನವರಿಯಲ್ಲಿ ಹಲಗೆಯ ಮೇಲೆ ಬರೆದುಕೊಟ್ಟೆ ಎಂದೆ. ಒಬ್ಬ ಹುಡುಗಿಯ ನೋಟ್‌ಬುಕ್ ತೋರಿಸಿದೆ. ಉಳಿದವರ ನೋಟ್‌ಬುಕ್‌ಗಳು ಬೇಸಿಗೆಯಲ್ಲೇ ಕಿರಾಣಿ ಅಂಗಡಿಗಳ ಪೊಟ್ಟಣಗಳಾಗಿದ್ದವು.

ಅವರು ಪುಟ ತಿರುವಿ ನೋಡಿ ಹಿಂದಕ್ಕೆ ಕೊಟ್ಟರು. “ಇದನ್ನು ನಿನ್ನೆಯೂ ಬರೆದಿರಬಹುದಲ್ಲ ಮೇಡಂ?”

“ಬರೆದಿರಬಹುದು ಸರ್. ನೀವು ಈಗಲೇ ಯಾವುದಾದರೂ ವಿಷಯ ಕೊಟ್ಟು ಅವರಿಂದ ಬರೆಸಿ. ನಾನು ಹೊರಗೆ ಕೂರುತ್ತೇನೆ.”

ಅವರು ಒಪ್ಪಿಕೊಂಡರು.

ಹುಡುಗಿಯರನ್ನು ಒಂದು ಉದ್ದನೆಯ ಕೋಣೆಯಲ್ಲಿ ದೂರ ದೂರ ಕೂರಿಸಿದರು. ಅವರಲ್ಲೊಬ್ಬಳಿಗೆ ಮೇ ತಿಂಗಳಲ್ಲಿ ಮನ್ನಾಏಖೇಳ್ಳಿಗೆ ಮದುವೆಯಾಗಿತ್ತು. ಅವಳ ಮಾವ ಅವಳನ್ನು ಕರೆದುಕೊಂಡು ಬಂದು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಉರ್ದು ಶಿಕ್ಷಕರು. ನಾನು ವರಾಂಡದಲ್ಲಿದ್ದೆ. ಕಿಟಕಿಯಿಂದ ಅಧಿಕಾರಿಗಳ ಧ್ವನಿ ಕೇಳಿಸಿತು. “ಪೊರಕೆಯ ಬಗ್ಗೆ ಬರೆಯಿರಿ. ಮುಕ್ಕಾಲು ಗಂಟೆ.”

ಒಳಗೆ ಗುಸುಗುಸು ಶುರುವಾಯಿತು. ಕೊನೆಗೆ ಯಾರೋ ಧೈರ್ಯ ಮಾಡಿ ಕೇಳಿದರು, “ಪೊರಕಿ ಅಂದ್ರ ಏನ್ರಿ ಸರ್?”

ಅಧಿಕಾರಿಗಳು ಗಲಿಬಿಲಿಗೊಂಡರು. ಕೈಯಲ್ಲಿ ಗುಡಿಸಿ ತೋರಿಸಿದರೆಂದು ಹುಡುಗಿಯರು ಆಮೇಲೆ ಹೇಳಿದರು. “ಕಸಬರಿಗಿ, ಕಸಬರಿಗಿ” ಎಂಬ ಸಮಾಧಾನದ ಧ್ವನಿಗಳು ಕೇಳಿದವು. ಆಮೇಲೆ ಸದ್ದಿಲ್ಲ.

ಮುಕ್ಕಾಲು ಗಂಟೆ ಮುಗಿದ ಮೇಲೆ ಅವರು ಒಬ್ಬರೇ ಕೂತು ಓದಿದರು. ಬಹಳ ಹೊತ್ತಾದ ಮೇಲೆ ನನ್ನನ್ನು ಕರೆದರು. ಮೇಜಿನ ಮೇಲೆ ಇಪ್ಪತ್ಮೂರು ಹಾಳೆಗಳ ಒಂದು ಕಟ್ಟು, ಬೇರೆಯಾಗಿ ಒಂದು ಹಾಳೆ.

“ಇಪ್ಪತ್ಮೂರು ಜನ ನಿಮ್ಮ ವಾಕ್ಯದಿಂದಲೇ ಶುರು ಮಾಡಿದ್ದಾರೆ. ಎರಡನೆಯ ಪ್ಯಾರಾದಿಂದ ಎಲ್ಲ ಬೇರೆ ಬೇರೆ. ಒಬ್ಬಳ ತಾಯಿ ಕಚೇರಿಯಲ್ಲಿ ಕಸ ಗುಡಿಸುವವರಂತೆ, ಅದನ್ನು ಬರೆದಿದ್ದಾಳೆ. ಒಬ್ಬಳು ಈಚಲು ಗರಿ ಯಾವಾಗ ಕೊಯ್ಯಬೇಕು, ಎಷ್ಟು ದಿನ ಒಣಗಿಸಬೇಕು ಎಂದು ಬರೆದಿದ್ದಾಳೆ. ಅದು ನನಗೆ ಗೊತ್ತಿರಲಿಲ್ಲ. ಅಂಚೆ ಕಚೇರಿಯ ಉತ್ತರಗಳನ್ನು ಮತ್ತೆ ಓದಿದೆ. ಅಲ್ಲೂ ಹಾಗೇ ಇದೆ. ಇದು ನಿಮ್ಮ ಪಾಠದ ಅಭ್ಯಾಸ ಎಂದು ಒಪ್ಪಬಹುದು.” ಬೇರೆಯಾಗಿದ್ದ ಹಾಳೆಯ ಮೇಲೆ ಬೆರಳಿಟ್ಟರು. “ಆದರೆ ಈ ಹುಡುಗಿ ಪರೀಕ್ಷೆಯಲ್ಲಿ ಆ ವಾಕ್ಯ ಬರೆದಿದ್ದಾಳೆ, ಇಲ್ಲಿ ಬರೆದಿಲ್ಲ. ಅಭ್ಯಾಸವಾಗಿದ್ದರೆ ಇಲ್ಲಿಯೂ ಬರಬೇಕಿತ್ತು. ಅಲ್ಲಿ ಯಾರನ್ನಾದರೂ ನೋಡಿ ಬರೆದಳೇ?”

ಹಾಳೆಯ ಮೇಲಿನ ಹೆಸರು ಸುಜಾತಾಳದು. ತರಗತಿಗೆಲ್ಲ ದಾರಿ ತೋರಿಸಿದ ಹುಡುಗಿಯೇ ಒಬ್ಬಳು ಹೊರಗೆ ಉಳಿಯುತ್ತಾಳೇನೋ ಎನಿಸಿತು. ಏನೋ ಹೇಳಲು ಹೋದೆ. ಅವರು ಕೈಯೆತ್ತಿ ತಡೆದು ಅವಳನ್ನೇ ಕರೆಸಿದರು.

ಅವಳು ಬಂದು ಬಾಗಿಲ ಹತ್ತಿರವೇ ನಿಂತಳು.

“ಎಲ್ಲರೂ ಬರೆದ ಮೊದಲ ವಾಕ್ಯ ನೀನು ಯಾಕಮ್ಮ ಬರೆಯಲಿಲ್ಲ?”

“ಅದು ಕಸಬರಿಗಿಗಿ ಹೊಂದಂಗಿಲ್ರಿ ಸರ್.”

“ಯಾಕೆ?”

“ಇಲ್ಲದಾಗ ಬೆಲಿ ತಿಳೀತದ ಅಂತ ಬರೀಬೇಕಂದ್ರ, ಇಲ್ಲದ್ದು ನೋಡಿರಬೇಕ್ರಿ. ಕಸಬರಿಗಿ ಇಲ್ಲದ ಮನಿ ನಾ ನೋಡೇ ಇಲ್ರಿ. ನಮ್ಮನಿಯಾಗ ಏನಿಲ್ಲಂದ್ರೂ ಕಸಬರಿಗಿ ಐತ್ರಿ.”

“ಮತ್ತೆ ಅಂಚೆ ಕಚೇರಿಗೆ ಬರೆದೆಯಲ್ಲ?”

“ನಮ್ಮೂರಾಗ ಟಪಾಲಿನ ಕಚೇರಿ ಇಲ್ರಿ. ನಮ್ಮಣ್ಣ ಸೋಲಾಪುರದಾಗ ಗಿರಣಿ ಕೆಲಸಕ್ಕ ಅದಾನ್ರಿ. ಅವನ ಕಾಗದ ಮುಡಬಿಗಿ ಬಂದು ಬಿದ್ದಿರ್ತದ. ನಾ ಬಸ್ಸಿಗಿ ಬರೂ ಹೊತ್ತಿಗಿ ಕಚೇರಿ ತೆಗೆದಿರೂದಿಲ್ರಿ, ತಿರುಗಿ ಬರೂದ್ರಾಗ ಮುಚ್ಚಿರ್ತದ. ಯಾರರೆ ತಂದ್ರ ಸಿಗ್ತದ, ಇಲ್ಲಂದ್ರ ಇಲ್ಲ. ಅಜ್ಜಿ ತೀರಿಕೊಂಡಾಗ ನಾವು ಬರೆದ ಕಾಗದ ಅವಗ ಮುಟ್ಟಿದ್ದು ಹನ್ನೊಂದು ದಿನಕ್ರಿ. ಅದಕ್ಕ ಅಲ್ಲಿ ಆ ವಾಕ್ಯ ಖರೇ ಅನಿಸ್ತು. ಬರದ್ನಿ.”

ಅಧಿಕಾರಿಗಳು ಅವಳ ಪರೀಕ್ಷೆಯ ಉತ್ತರಪತ್ರಿಕೆಯನ್ನು ಕಟ್ಟಿನಿಂದ ಹುಡುಕಿ ತೆಗೆದರು. ಅಣ್ಣ, ಸೋಲಾಪುರ, ಹನ್ನೊಂದು ದಿನ, ಎಲ್ಲವೂ ಮೂರನೆಯ ಪ್ಯಾರಾದಲ್ಲಿತ್ತು. ಅವರು ಅದನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. “ಹೋಗಮ್ಮ” ಎಂದು ಅವಳಿಗೆ ಹೇಳಿ, ಬಾಗಿಲು ಮುಚ್ಚಿದ ಮೇಲೆ ನನಗೆ ಅಂದರು: “ಮೇಡಂ, ನಿಮ್ಮ ಮೇಲೆ ದೂರು ಬರೆಯುವುದಿಲ್ಲ. ಆದರೆ ಒಂದು ಮಾತು. ಇವಳು ಮಾಡಿದ ಕೆಲಸವನ್ನು ಉಳಿದ ಇಪ್ಪತ್ಮೂರು ಮಂದಿ ಮಾಡಲಿಲ್ಲ. ಯಾಕೆಂದರೆ ಅದನ್ನು ಅವರ ಬದಲು ನೀವೇ ಮಾಡಿಬಿಟ್ಟಿದ್ದಿರಿ.”

ಹೊರಗೆ ಬಂದು ಉರ್ದು ಶಿಕ್ಷಕರಿಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮನ್ನಾಏಖೇಳ್ಳಿಯಿಂದ ಬಂದಿದ್ದ ಮಾವ ತಮ್ಮ ಸೊಸೆ ಎಷ್ಟು ಪುಟ ಬರೆದಳೆಂದು ಕೇಳಿದರು. ಒಂದೂವರೆ ಎಂದೆ. “ಕಸಬರಿಗಿ ಮ್ಯಾಲ ಇಷ್ಟ ಬರಿಯೂದ ಇರ್ತದೇನ್ರಿ?” ಎಂದು ಅಚ್ಚರಿಪಟ್ಟರು.

ಫಲಿತಾಂಶ ಜುಲೈ ಮೂರನೆಯ ವಾರ ಬಂತು. ಇಪ್ಪತ್ನಾಲ್ವರಲ್ಲಿ ಹತ್ತೊಂಬತ್ತು ಮಂದಿ ಪಾಸಾದರು, ಕನ್ನಡದಲ್ಲಿ ಎಲ್ಲರೂ. ಸುಜಾತಾಳೂ ಪಾಸಾದಳು. ಆದರೆ ತರಬೇತಿಯ ಗಡುವು ದಾಟಿಹೋಗಿತ್ತು. ನಾನೇ ಅವಳನ್ನು ಕರೆದುಕೊಂಡು ಬೀದರಿಗೆ ಹೋಗಿ, ನಡೆದದ್ದನ್ನು ಹೇಳಿ ಬೇಡಿಕೊಂಡೆ. ಅಲ್ಲಿದ್ದವರು ಮರುಕದಿಂದಲೇ ಕೇಳಿದರು, ಆದರೆ ಸೀಟುಗಳು ತುಂಬಿದ್ದವು. ಆ ವರ್ಷವೆಲ್ಲ ಅವಳು ತಾಯಿಯ ಜೊತೆ ಹೊಲಕ್ಕೆ ಹೋದಳು. ಮುಂದಿನ ವರ್ಷ ಸೀಟು ಸಿಕ್ಕಿತು.

ಸೇರುವ ಮುಂಚೆ ನನ್ನನ್ನು ಕಾಣಲು ಬಂದಿದ್ದಳು. ಒಂದು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಅವಳಿಗೆ ಹೇಳಿದೆ. “ನಾ ಆ ವಾಕ್ಯ ಕೊಡಬಾರದಿತ್ತು ಸುಜಾತಾ.”

ಅವಳು ಚಹಾದ ಕಪ್ಪು ಕೆಳಗಿಟ್ಟಳು. “ಹಂಗ ಅನಬ್ಯಾಡ್ರಿ ಟೀಚರ್. ಆ ವಾಕ್ಯ ಇಲ್ಲಂದ್ರ ಭಾಳ ಮಂದಿ ಪರೀಕ್ಷಾದಾಗ ಶುರೂನ ಮಾಡ್ತಿದ್ದಿಲ್ರಿ. ಖರೇ ಹೇಳಬೇಕಂದ್ರ, ನಾನೂ.”

ನನ್ನ ಕೆಲಸ ನನಗೆ ಕಲಿಸಿದ್ದು ಈ ಎರಡು ಮಾತುಗಳ ನಡುವೆ ಎಲ್ಲೋ ಇದೆ. ಮೊದಲ ಸಾಲನ್ನು ಕೊಡದಿದ್ದರೆ ಕೆಲವರು ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ಕೊಟ್ಟರೆ ಎಲ್ಲರೂ ನಮ್ಮ ಹಿಂದೆಯೇ ಬರುತ್ತಾರೆ. ನಕ್ಷೆ ಹಾಕುವುದನ್ನು ಕಲಿಸಬಹುದು, ವಿಸ್ತರಿಸುವುದನ್ನೂ ಕಲಿಸಬಹುದು. ಹೇಳಬೇಕಾದ ಮಾತು ಖರೇ ಅನಿಸುತ್ತದೋ ಇಲ್ಲವೋ ಎಂದು ನೋಡುವ ಹೊತ್ತಿನಲ್ಲಿ ಮಾತ್ರ ಶಿಕ್ಷಕಿ ಪಕ್ಕಕ್ಕೆ ಸರಿದು ನಿಲ್ಲಬೇಕು.

ಮುಂದಿನ ತಂಡಕ್ಕೆ ನಾನು ಯಾವ ವಾಕ್ಯವನ್ನೂ ಕೊಡಲಿಲ್ಲ. ವಿಷಯ ಹೇಳಿ, ಸೀಮೆಸುಣ್ಣ ಕೆಳಗಿಟ್ಟು, ಕುರ್ಚಿಯಲ್ಲಿ ಕೂತೆ. ಮೂವತ್ತು ಹುಡುಗಿಯರು ಖಾಲಿ ಹಲಗೆಯನ್ನು ನೋಡುತ್ತ ಕೂತರು. ಗಂಟೆ ಹೊಡೆಯುವವರೆಗೆ ಇಬ್ಬರೇ ಬರೆದರು. ಎದ್ದು ಹೋಗಿ ಹೇಳಿಕೊಡಬೇಕೆಂದು ನನ್ನ ಕಾಲುಗಳು ತವಕಿಸುತ್ತಿದ್ದವು. ಹಾಗೆ ಸುಮ್ಮನೆ ಕೂರುವುದನ್ನು ಕಲಿಯಲು ನನಗೆ ಮತ್ತೆ ಎರಡು ವರ್ಷ ಬೇಕಾದವು.